ಟಸ್ಕನಿಯ ಗುಡ್ಡದೂರುಗಳಿಗೆ ಸೈಕಲ್: ಕಿಲೋಮೀಟರ್ ಬಿಡಿ, ಏರು ಲೆಕ್ಕ ಹಾಕಿ

ಪ್ರಶ್ನೆ: ನಾನು, ನಮ್ಮ ಯಜಮಾನರು ಮೈಸೂರಿನವರು. ಭಾನುವಾರ ಚಾಮುಂಡಿ ಬೆಟ್ಟ ಹತ್ತುವ ರೂಢಿ ಇದೆ, ಬಯಲು ರಸ್ತೆಯಲ್ಲಿ ದಿನಕ್ಕೆ 100 ಕಿ.ಮೀ. ತುಳಿದದ್ದೂ ಉಂಟು. ಬರುವ ಮೇ ತಿಂಗಳಲ್ಲಿ ಇಟಲಿಯ ಟಸ್ಕನಿಯಲ್ಲಿ 8 ದಿನ ಸೈಕಲ್ ಪ್ರವಾಸದ ಯೋಚನೆ. ಫ್ಲಾರೆನ್ಸ್‌ನಿಂದ ಹೊರಟು ಸಾನ್ ಜಿಮಿನ್ಯಾನೋ, ವೊಲ್ತೆರಾ, ಸಿಯೆನಾ, ಮೊಂತಾಲ್ಚಿನೋ, ಪಿಯೆಂಜಾ, ಮೊಂತೆಪುಲ್ಚಾನೋ, ಕೊರ್ತೋನಾ ನೋಡಬೇಕು; ದಿನಕ್ಕೆ 80-90 ಕಿ.ಮೀ. ಅಂದುಕೊಂಡಿದ್ದೇವೆ. ನಮ್ಮ ಸೈಕಲ್‌ಗಳನ್ನೇ (ಮುಂದೆ 50/34, ಹಿಂದೆ 11-28 ಹಲ್ಲಿನ ಗೇರು) ಒಯ್ಯುವುದೋ, ಅಲ್ಲಿ ಬಾಡಿಗೆಗೆ ಪಡೆಯುವುದೋ? ಅಲ್ಲಿನ ಬಿಳಿ ಮಣ್ಣುರಸ್ತೆಗಳಲ್ಲಿ ಹೋಗಬಹುದೇ? ಯಜಮಾನರಿಗೆ 52 ವರ್ಷ, ಮಂಡಿ ಆಗಾಗ ನೋಯುತ್ತದೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ.

ಉತ್ತರ: ಮೊದಲು ಆ 90 ಕಿ.ಮೀ. ಅನ್ನು 45ಕ್ಕೆ ಇಳಿಸಿ. ನಿಮ್ಮ ಶಕ್ತಿಯ ಬಗ್ಗೆ ಅನುಮಾನದಿಂದ ಹೇಳುತ್ತಿಲ್ಲ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ನೀವು ಒಂದೇ ಪಟ್ಟಿಗೆ ಮುನ್ನೂರು ಮೀಟರಿಗೆ ಸ್ವಲ್ಪ ಕಡಿಮೆ ಏರುತ್ತೀರಿ, ದೇವಸ್ಥಾನದ ಹತ್ತಿರ ಕಾಫಿ ಕುಡಿದು ಇಳಿಯುತ್ತೀರಿ, ಅಲ್ಲಿಗೆ ಮುಗಿಯಿತು. ಟಸ್ಕನಿಯಲ್ಲಿ ಅಷ್ಟು ಎತ್ತರದ ಒಂದೇ ಬೆಟ್ಟ ಎದುರಾಗುವುದು ಕಡಿಮೆ. ನೂರು ಮೀಟರ್ ಏರು, ಎಂಬತ್ತು ಮೀಟರ್ ಇಳಿಜಾರು, ಮತ್ತೆ ನೂರಿಪ್ಪತ್ತು ಏರು, ಹೀಗೆ ದಿನವಿಡೀ ನಡೆಯುತ್ತದೆ. ಗಳಿಸಿದ ಎತ್ತರವನ್ನು ಮುಂದಿನ ಹಳ್ಳದಲ್ಲಿ ಕಳೆದುಕೊಳ್ಳುತ್ತೀರಿ. ಸಂಜೆ ನಾಲ್ಕಕ್ಕೆ ಕಾಲು ಸೋತಿರುವ ಹೊತ್ತಿಗೆ ತಂಗುವ ಊರು ಎದುರಿನ ಗುಡ್ಡದ ನೆತ್ತಿಯ ಮೇಲೆ ಕಾಣುತ್ತದೆ. ದಿನದ ಅತಿ ಕಡಿದಾದ ಎರಡು ಕಿಲೋಮೀಟರ್ ಕೊನೆಯ ಎರಡು ಕಿಲೋಮೀಟರೇ ಆಗಿರುತ್ತವೆ. ಯೋಜನೆಯನ್ನು ಇದರ ಸುತ್ತ ಹೆಣೆಯಬೇಕು.

ಸಮಯದ ಲೆಕ್ಕ ಹೀಗೆ ಹಾಕಿ. ಸಾಮಾನು ಹೇರಿದ ಸೈಕಲ್ಲಿಗೆ ಬಯಲಿನಲ್ಲಿ ಗಂಟೆಗೆ 18 ಕಿ.ಮೀ., ಅದರ ಮೇಲೆ ಪ್ರತಿ 100 ಮೀಟರ್ ಏರಿಗೆ 8ರಿಂದ 10 ನಿಮಿಷ. ನಿಮ್ಮ 90 ಕಿ.ಮೀ. ದಿನದಲ್ಲಿ ಅಲ್ಲಿ 1,500ರಿಂದ 1,800 ಮೀಟರ್ ಏರು ಬರುವುದು ಸಾಮಾನ್ಯ. ಐದು ಗಂಟೆಗೆ ಎರಡೂವರೆ-ಮೂರು ಗಂಟೆ ಸೇರಿತು, ಬರೀ ತುಳಿಯುವುದಕ್ಕೇ ಎಂಟು ಗಂಟೆ. ಊಟ, ನೀರು, ದಾರಿ ತಪ್ಪಿದ್ದು, ಪಂಕ್ಚರ್ ಎಲ್ಲ ಸೇರಿಸಿದರೆ ಊರು ನೋಡಲು ಉಳಿಯುವುದು ರಾತ್ರಿ ಮಾತ್ರ. 45 ಕಿ.ಮೀ., 800 ಮೀಟರ್ ಏರಿನ ದಿನವಾದರೆ ಮೂರೂಮುಕ್ಕಾಲು ಗಂಟೆ ತುಳಿತ, ಮಧ್ಯಾಹ್ನ ಎರಡಕ್ಕೆಲ್ಲ ತಲುಪುತ್ತೀರಿ. ಈ ಊರುಗಳನ್ನು ನೋಡಬೇಕೆಂದೇ ಅಲ್ಲವೇ ಹೋಗುತ್ತಿರುವುದು!

ಎಂಟು ದಿನಕ್ಕೆ ಏಳು ಊರು ತುರುಕಬೇಡಿ. ನನ್ನ ಸಲಹೆ, ಪಶ್ಚಿಮದ ಸಾನ್ ಜಿಮಿನ್ಯಾನೋ-ವೊಲ್ತೆರಾ ಭಾಗವನ್ನು ಸೈಕಲ್ ದಾರಿಯಿಂದ ತೆಗೆದುಹಾಕಿ. ಸಾನ್ ಜಿಮಿನ್ಯಾನೋದ ಗೋಪುರಗಳನ್ನು ನೋಡಲೇಬೇಕೆಂದರೆ ಸಿಯೆನಾದಲ್ಲಿ ಉಳಿಯುವ ದಿನ ಪೊಜ್ಜಿಬೊನ್ಸಿ ಮೂಲಕ ಬಸ್ಸಿನಲ್ಲಿ ಹೋಗಿಬನ್ನಿ. ಒಂದು ಕಾಲಕ್ಕೆ ಅಲ್ಲಿ 72 ಗೋಪುರಗಳಿದ್ದವು ಎನ್ನುತ್ತಾರೆ, ಈಗ 14 ಉಳಿದಿವೆ. ಹಗಲಿನಲ್ಲಿ ಅಲ್ಲಿಯ ಬೀದಿಗಳಲ್ಲಿ ಸೈಕಲ್ ತಳ್ಳಿಕೊಂಡು ಹೋಗಲೂ ಜಾಗ ಇರುವುದಿಲ್ಲ, ಅಷ್ಟು ಜನ. ವೊಲ್ತೆರಾ 531 ಮೀಟರ್ ಎತ್ತರದಲ್ಲಿದೆ. ಪಶ್ಚಿಮದ ಸಾಲೀನೆ ಕಡೆಯಿಂದ ಬಂದರೆ ಒಂಬತ್ತು-ಹತ್ತು ಕಿ.ಮೀ.ನಲ್ಲಿ 450 ಮೀಟರಿಗೂ ಹೆಚ್ಚು ಏರಬೇಕು. ಚೆಂದದ ಊರು, ಆದರೆ ಅದಕ್ಕೆ ಇನ್ನೊಂದು ಪ್ರವಾಸವೇ ಬೇಕು. ಕೊರ್ತೋನಾ ಕೂಡ ಈ ಸಲಕ್ಕೆ ಬೇಡ.

ಉಳಿದದ್ದನ್ನು ಹೀಗೆ ಜೋಡಿಸಿ. ಮೊದಲ ದಿನ ಫ್ಲಾರೆನ್ಸ್‌ನಿಂದ ಗ್ರೇವೆಗೆ, ಸುಮಾರು 30 ಕಿ.ಮೀ. ಮಾತ್ರ. ಹೊಸ ಸೈಕಲ್, ಬಲಬದಿಯ ಸಂಚಾರ, ನಗರದಿಂದ ಹೊರಬೀಳುವ ಗಲಾಟೆ, ಇಷ್ಟೇ ಆ ದಿನಕ್ಕೆ ಸಾಕು. ಎರಡನೇ ದಿನ ಕಿಯಾಂತಿ ದ್ರಾಕ್ಷಿತೋಟಗಳ ನಡುವೆ ಸಿಯೆನಾಕ್ಕೆ, 42 ಕಿ.ಮೀ. ಆಸುಪಾಸು. ಗ್ರೇವೆ 236 ಮೀಟರ್‌ನಲ್ಲಿದೆ. ಅಲ್ಲಿಂದ ಏಳು ಕಿ.ಮೀ. ಏರಿ 498 ಮೀಟರಿನ ಪಂಜಾನೋ, ಕಣಿವೆಗಿಳಿದು ಮತ್ತೆ ಏರಿ 578 ಮೀಟರಿನ ಕಾಸ್ತೆಲ್ಲಿನಾ, ಆಮೇಲೆ 20 ಕಿ.ಮೀ. ಬಹುಪಾಲು ಇಳಿಜಾರು. ಮೂರನೇ ದಿನ ಸಿಯೆನಾದಲ್ಲೇ ವಿರಾಮ. ನಾಲ್ಕನೇ ದಿನ ಕ್ರೇತೆ ಸೆನೇಸಿ ಎಂಬ ಬೋಳು ಜೇಡಿಗುಡ್ಡಗಳ ಮೇಲಿನ ರಸ್ತೆ ಹಿಡಿದು ಅಶಾನೋ, ಅಲ್ಲಿಂದ ಮೊಂತೆ ಒಲಿವೆತೋ ಮಠದ ಮೇಲೆ ಹಾದು ಬುವೊನ್‌ಕೊನ್ವೆಂತೋ. ಅಶಾನೋ ಬಿಟ್ಟಮೇಲೆ ಮಠದತ್ತ ಏರುವ ಭಾಗವೇ ಆ ದಿನದ ಕಷ್ಟ. 1313ರಲ್ಲಿ ಸ್ಥಾಪನೆಯಾದ ಈ ಮಠದ ಒಳಾಂಗಣದಲ್ಲಿ ಸಿಞ್ಞೊರೆಲ್ಲಿ ಮತ್ತು ಸೊದೊಮಾ ಎಂಬ ಚಿತ್ರಕಾರರು ಬರೆದ ಭಿತ್ತಿಚಿತ್ರಗಳ ಸಾಲಿದೆ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಆದ್ದರಿಂದ ಸಿಯೆನಾವನ್ನು ಎಂಟಕ್ಕೆ ಮುಂಚೆ ಬಿಡಿ.

ಆ ರಾತ್ರಿ ಬುವೊನ್‌ಕೊನ್ವೆಂತೋದಲ್ಲಿ ತಂಗಲು ಹೇಳುತ್ತಿರುವುದಕ್ಕೆ ಕಾರಣ ಇದೆ. ಅದು 147 ಮೀಟರ್‌ನಲ್ಲಿ ಕಣಿವೆಯೊಳಗಿರುವ, ಗೋಡೆ ಕಟ್ಟಿದ ಪುಟ್ಟ ಊರು. ಎದುರಿಗೆ 564 ಮೀಟರ್‌ನಲ್ಲಿ ಮೊಂತಾಲ್ಚಿನೋ. ಹದಿನಾಲ್ಕು ಕಿ.ಮೀ. ದಾರಿ, ಮೊದಲ ಎರಡು-ಮೂರು ಬಯಲು, ಉಳಿದದ್ದೆಲ್ಲ ಏರು, ಒಟ್ಟು ನಾನೂರು ಮೀಟರಿನ ಮೇಲೆ. ಸಂಜೆ ಬಿಸಿಲಿನಲ್ಲಿ ಸೋತ ಕಾಲಿಗೆ ಇದು ಶಿಕ್ಷೆ. ಬೆಳಗ್ಗೆ ಏಳೂವರೆಗೆ ತಂಪಿನಲ್ಲಿ ಒಂದೂವರೆ ಗಂಟೆಯ ಒಳ್ಳೆಯ ಕೆಲಸ. ದೊಡ್ಡ ಏರನ್ನು ಮರುದಿನ ಬೆಳಗ್ಗೆಗೆ ತಳ್ಳಿ, ರಾತ್ರಿ ಬುಡದಲ್ಲಿ ಮಲಗುವುದು ಗುಡ್ಡದೂರುಗಳ ಪ್ರವಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಉಪಾಯ. ಐದನೇ ದಿನ ಮೊಂತಾಲ್ಚಿನೋ ಕೋಟೆ ನೋಡಿ (1555ರಲ್ಲಿ ಸಿಯೆನಾ ಬಿದ್ದ ಮೇಲೂ ಅಲ್ಲಿಯ ಗಣರಾಜ್ಯದವರು 1559ರವರೆಗೆ ಇಲ್ಲಿ ನಿಂತಿದ್ದರು) 15 ಕಿ.ಮೀ. ದೂರದ ಸಾನ್ ಕ್ವಿರಿಕೋಗೆ. ಇಳಿಜಾರೇ ಇಳಿಜಾರು ಅಂದುಕೊಳ್ಳಬೇಡಿ, ಕಣಿವೆ ಮುಟ್ಟಿ 409 ಮೀಟರಿಗೆ ಮತ್ತೆ ಹತ್ತಬೇಕು. ಅಲ್ಲಿ ಎರಡು ರಾತ್ರಿ ಇರಿ. ಆರನೇ ದಿನ ಚೀಲಗಳನ್ನು ಕೋಣೆಯಲ್ಲೇ ಬಿಟ್ಟು, ಊರ ಚೌಕದ ನಡುವೆಯೇ ಬಿಸಿನೀರಿನ ಕೊಳವಿರುವ ಬಾಞೋ ವಿಞೋನಿಗೆ ಹೋಗಿಬನ್ನಿ. ಏಳನೇ ದಿನ ಪಿಯೆಂಜಾ, ಮೊಂತಿಕ್ಕಿಯೆಲ್ಲೋ ಮೂಲಕ 605 ಮೀಟರಿನ ಮೊಂತೆಪುಲ್ಚಾನೋ. ಎಂಟನೇ ದಿನ ಕಿಯೂಸಿ ರೈಲು ನಿಲ್ದಾಣಕ್ಕೆ ಇಳಿದು, ಫ್ಲಾರೆನ್ಸ್‌ಗೆ ರೈಲು.

ಇನ್ನು ಊರು ಹೊಗುವ ಬಾಗಿಲಿನ ವಿಚಾರ. ಫೋನಿನ ನಕ್ಷೆ ಹತ್ತಿರದ ದಾರಿ ತೋರಿಸುತ್ತದೆ, ಮತ್ತು ಗುಡ್ಡದೂರಿನಲ್ಲಿ ಹತ್ತಿರದ ದಾರಿ ಎಂದರೆ ನೇರ ಮೈಮೇಲೆ ಹತ್ತುವ ದಾರಿ. ಬಹುಪಾಲು ಊರುಗಳು ಉದ್ದನೆಯ ದಿಣ್ಣೆಯ ತುದಿಯಲ್ಲೋ ಬೆನ್ನ ಮೇಲೋ ಕೂತಿವೆ. ದಿಣ್ಣೆಯ ಬೆನ್ನಗುಂಟ ಬರುವ ರಸ್ತೆ ನಿಧಾನವಾಗಿ ಏರುತ್ತದೆ, ಪಕ್ಕದ ಕಣಿವೆಯಿಂದ ಹತ್ತುವ ರಸ್ತೆ ಗೋಡೆಯ ಹಾಗೆ ನಿಲ್ಲುತ್ತದೆ. ಸಿಯೆನಾ ಇದಕ್ಕೆ ಸ್ಪಷ್ಟ ಉದಾಹರಣೆ. ಊರು ಮೂರು ದಿಣ್ಣೆಗಳು ಕೂಡುವ ಜಾಗದಲ್ಲಿದೆ. ಉತ್ತರದಿಂದ ಬರುವ ನೀವು ಕಮೊಲ್ಲಿಯಾ ಬಾಗಿಲಿನಿಂದ ಹೊಕ್ಕರೆ ದಿಣ್ಣೆಯ ಮೇಲೇ ಊರೊಳಗೆ ಬರುತ್ತೀರಿ. ಪಶ್ಚಿಮದ ಫೊಂತೆಬ್ರಾಂದಾ ಬಾಗಿಲಿನಿಂದ ಹೊಕ್ಕರೆ ಎದುರಾಗುವುದು ಸಾಂತಾ ಕತೆರೀನಾ ಬೀದಿ. ಸ್ತ್ರಾದೆ ಬ್ಯಾಂಕೆ ಎಂಬ ವೃತ್ತಿಪರ ಸೈಕಲ್ ರೇಸಿನ ಕೊನೆಯ ಏರು ಅದೇ, ಕೆಲವು ಕಡೆ ಶೇ 16ರ ಏರು (ನೂರು ಮೀಟರ್ ಹೋದರೆ 16 ಮೀಟರ್ ಎತ್ತರ), ಕೆಳಗೆ ಕಲ್ಲುಚಪ್ಪಡಿ. ಜಗತ್ತಿನ ಅತ್ಯುತ್ತಮ ಸವಾರರೇ ಅಲ್ಲಿ ಬಾಯಿಬಿಡುತ್ತಾರೆ. ಚೀಲ ಹೇರಿದ ಸೈಕಲ್ಲಿನಲ್ಲಿ ಮುಂದಿನ ಚಕ್ರ ನೆಲ ಬಿಡುತ್ತದೆ.

ಪ್ರತಿ ಊರಿಗೂ ಹೊರಡುವ ಮೊದಲು ಕೊನೆಯ 3 ಕಿ.ಮೀ.ನ ಎತ್ತರದ ರೇಖೆಯನ್ನು ಬಿಡಿಸಿ ನೋಡಿ. ಸರಾಸರಿಯನ್ನು ನಂಬಬೇಡಿ. ಸರಾಸರಿ ಶೇ 5 ಎಂದು ತೋರಿಸುವ ರಸ್ತೆಯಲ್ಲಿ 300 ಮೀಟರ್ ಶೇ 13 ಅಡಗಿರಬಹುದು. ಶೇ 10 ದಾಟುವ ತುಂಡು 200 ಮೀಟರಿಗಿಂತ ಉದ್ದ ಇದ್ದರೆ ಬೇರೆ ಬಾಗಿಲು ಹುಡುಕಿ. ಎರಡು ಕಿ.ಮೀ. ಸುತ್ತಾದರೂ ಲಾಭವೇ. ರೈಲು ನಿಲ್ದಾಣದ ಹೆಸರಿಗೂ ಮೋಸ ಹೋಗಬೇಡಿ. ಮೊಂತೆಪುಲ್ಚಾನೋ ಎಂಬ ನಿಲ್ದಾಣ ಕೆಳಗಿನ ಬಯಲಿನಲ್ಲಿದೆ, ಊರಿನಿಂದ ಕಿಲೋಮೀಟರುಗಟ್ಟಲೆ ದೂರ.

ಈಗ ಗೇರು. ನಿಮ್ಮ 34ಕ್ಕೆ 28 ಸಾಲದು, ಲೆಕ್ಕ ನೋಡಿ. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. 34ನ್ನು 28ರಿಂದ ಭಾಗಿಸಿ ಗುಣಿಸಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ 2.55 ಮೀಟರ್ ಮುಂದೆ ಹೋಗುತ್ತದೆ. ಮಂಡಿಗೆ ಹಿತವಾಗುವಂತೆ ನಿಮಿಷಕ್ಕೆ 60 ಸುತ್ತಾದರೂ ತುಳಿಯಬೇಕೆಂದರೆ ಗಂಟೆಗೆ 9 ಕಿ.ಮೀ. ವೇಗ ಬೇಕು. ಸವಾರರು 70, ಸೈಕಲ್ 14, ಸಾಮಾನು, ನೀರು, ಉಪಕರಣ ಎಲ್ಲ ಸೇರಿ 11, ಒಟ್ಟು 95 ಕೆ.ಜಿ. ಎಂದಿಟ್ಟುಕೊಂಡರೆ ಶೇ 10ರ ಏರಿನಲ್ಲಿ ಆ ವೇಗಕ್ಕೆ 240 ವ್ಯಾಟ್ ಶಕ್ತಿ ಬೇಕು. ವಾರಾಂತ್ಯದ ಸವಾರರು ಅದನ್ನು ಐದು ನಿಮಿಷ ಕೊಟ್ಟಾರು, ಅರ್ಧ ಗಂಟೆ ಸಾಧ್ಯವಿಲ್ಲ. ಆಗ ಆಗುವುದೇನೆಂದರೆ ಸುತ್ತು 40ಕ್ಕೆ ಇಳಿಯುತ್ತದೆ, ಪ್ರತಿ ತುಳಿತಕ್ಕೂ ಮಂಡಿಯ ಮೇಲೆ ಬೀಳುವ ಭಾರ ಏರುತ್ತದೆ, ಮೂರನೇ ದಿನ ಯಜಮಾನರು ಬಸ್ ನಿಲ್ದಾಣದಲ್ಲಿ ಕೂತಿರುತ್ತಾರೆ. ಮುಂದೆ 30, ಹಿಂದೆ 36 ಹಲ್ಲು ಇದ್ದರೆ ಒಂದು ಸುತ್ತಿಗೆ 1.75 ಮೀಟರ್, ಅದೇ 60 ಸುತ್ತಿಗೆ ಗಂಟೆಗೆ 6.3 ಕಿ.ಮೀ., ಬೇಕಾಗುವುದು 165 ವ್ಯಾಟ್. ಬಾಡಿಗೆ ಅಂಗಡಿಗೆ ಮುಂಚಿತವಾಗಿ ಬರೆದು, ಅತಿ ಹಗುರ ಗೇರಿನಲ್ಲಿ ಮುಂದಿನ ಹಲ್ಲು ಹಿಂದಿನದಕ್ಕಿಂತ ಕಡಿಮೆ ಇರಬೇಕು ಎಂದು ಕೇಳಿ. ಜಲ್ಲಿ ರಸ್ತೆಗೆಂದೇ ಮಾಡಿದ ಗ್ರಾವೆಲ್ ಬೈಕ್‌ಗಳಲ್ಲಿ, ಟೂರಿಂಗ್ ಸೈಕಲ್‌ಗಳಲ್ಲಿ ಇದು ಸುಲಭವಾಗಿ ಸಿಗುತ್ತದೆ.

ಇದೊಂದೇ ಕಾರಣಕ್ಕೂ ಬಾಡಿಗೆಯೇ ಮೇಲು. ಬೆಂಗಳೂರಿನಿಂದ ಪೆಟ್ಟಿಗೆಯಲ್ಲಿ ಒಯ್ಯಬಹುದು. ಆದರೆ ಬಹುತೇಕ ಏರ್‌ಲೈನ್‌ಗಳು ಸೈಕಲ್ ಪೆಟ್ಟಿಗೆಗೆ ಬೇರೆ ನಿಯಮ, ಬೇರೆ ಶುಲ್ಕ ಇಟ್ಟಿವೆ, ಫ್ಲಾರೆನ್ಸ್‌ನಲ್ಲಿ ಖಾಲಿ ಪೆಟ್ಟಿಗೆ ಇಡಲು ಜಾಗ ಹುಡುಕಬೇಕು, ಜೊತೆಗೆ ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಸಾಧನ) ತೂಗುವ ಹ್ಯಾಂಗರ್ ಬಾಗುವ ಅಪಾಯ. ಹ್ಯಾಂಗರ್ ಎರಡು-ಮೂರು ಮಿಲಿಮೀಟರ್ ಒಳಗೆ ಬಾಗಿದರೂ ಅತಿ ಹಗುರ ಗೇರಿಗೆ ಹಾಕಿದ ಕ್ಷಣ ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿ ಚಕ್ರವನ್ನೇ ಹಾಳು ಮಾಡಬಲ್ಲದು. ಸರಿಯಾಗಿ ಕಡಿದಾದ ಏರಿನ ಬುಡದಲ್ಲೇ ಇದು ಆಗುವುದು, ಏಕೆಂದರೆ ಆ ಗೇರಿಗೆ ಹಾಕುವುದೇ ಅಲ್ಲಿ. ನಿಮ್ಮ ಸೀಟು ಮತ್ತು ಪೆಡಲುಗಳನ್ನು ಮಾತ್ರ ಬಿಚ್ಚಿ ಒಯ್ಯಿರಿ. ಪೆಡಲುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಅಳತೆಯನ್ನು ಮನೆಯಲ್ಲೇ ಟೇಪಿನಿಂದ ಅಳೆದು ಬರೆದುಕೊಳ್ಳಿ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿರುತ್ತದೆ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿರುತ್ತದೆ. ಒಂದು ಸಲಕ್ಕೆ 5 ಮಿ.ಮೀ.ಗಿಂತ ಹೆಚ್ಚು ಬದಲಾಯಿಸಬೇಡಿ.

ಅಂಗಡಿಯಿಂದ ಹೊರಡುವ ಮುನ್ನ ಹದಿನೈದು ನಿಮಿಷ ಕೊಡಿ. ನಮ್ಮಲ್ಲಿ ಬಲಗೈ ಲಿವರ್ ಮುಂದಿನ ಬ್ರೇಕು. ಅಲ್ಲಿ ಸಾಮಾನ್ಯವಾಗಿ ಮುಂದಿನದು ಎಡಗೈಯಲ್ಲಿರುತ್ತದೆ. ಗಾಬರಿಯಲ್ಲಿ ಕೈ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ, ಜಲ್ಲಿಯ ಮೇಲೆ ಮುಂದಿನ ಬ್ರೇಕು ಬಿಗಿಯಾದರೆ ಸೀದಾ ನೆಲ. ಬೇಕೆಂದರೆ ಅದಲುಬದಲು ಮಾಡಿಕೊಡಲು ಕೇಳಿ. ಬ್ರೇಕ್ ಪ್ಯಾಡಿನ ಉಜ್ಜುವ ಭಾಗ 1 ಮಿ.ಮೀ.ಗಿಂತ ತೆಳುವಾಗಿದ್ದರೆ ಹೊಸದು ಹಾಕಿಸಿ. ಸೈಕಲ್ ನಿಲ್ಲಿಸಿ ಹಿಂದಿನ ಚಕ್ರ ಎತ್ತಿ, ಅತಿ ಹಗುರ ಗೇರಿಗೆ ಹಾಕಿ, ಡಿರೇಲರನ್ನು ಬೆರಳಿನಿಂದ ಕಡ್ಡಿಯ ಕಡೆಗೆ ಒತ್ತಿ ನೋಡಿ, ತಗಲಬಾರದು. ಹಿಂದಿನ ಚಕ್ರದ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಸುಕಿ, ಒಂದು ಸಡಿಲ ಕಂಡರೂ ಬಿಗಿ ಮಾಡಿಸಿ. ಭಾರ ಹೊತ್ತ ಸೈಕಲ್ಲಿನಲ್ಲಿ ಮೊದಲು ತುಂಡಾಗುವುದು ಹಿಂಚಕ್ರದ ಚೈನಿನ ಕಡೆಯ ಕಡ್ಡಿ.

ಸಾಮಾನು ತಲಾ 8 ಕೆ.ಜಿ. ದಾಟಬಾರದು. ಹಿಂದಿನ ಕ್ಯಾರಿಯರ್‌ಗೆ ಎರಡು ಚೀಲ, ಹ್ಯಾಂಡಲ್ ಮೇಲೆ ಎರಡು ಕೆ.ಜಿ.ಯ ಸಣ್ಣ ಚೀಲ. ಮುಂದೆ ಸ್ವಲ್ಪ ಭಾರ ಇದ್ದರೆ ಕಡಿದಾದ ಏರಿನಲ್ಲಿ ಮುಂಚಕ್ರ ಅಲೆದಾಡುವುದಿಲ್ಲ. ಎರಡು ಟ್ಯೂಬು, ಪಂಕ್ಚರ್ ಪಟ್ಟಿ, ಪಂಪು, ಚೈನ್ ಕತ್ತರಿಸುವ ಸಾಧನ, ನಿಮ್ಮ ಚೈನಿಗೆ ಹೊಂದುವ ಒಂದು ಜೋಡಣೆ ಕೊಂಡಿ, ಒಂದು ಜೊತೆ ಬ್ರೇಕ್ ಪ್ಯಾಡು, ಸೈಕಲ್ಲಿಗೆ ಹಾಕುವ ಬೀಗ. ಇಬ್ಬರಿಗೂ ಸೇರಿ ಇಷ್ಟು ಸಾಕು.

ಯಜಮಾನರಿಗೆ ಎಲೆಕ್ಟ್ರಿಕ್ ಸೈಕಲ್ ಕೊಡಿಸುವ ಬಗ್ಗೆ ಯೋಚಿಸಿ. ಇಬ್ಬರ ವೇಗ ಬೇರೆ ಬೇರೆ ಇದ್ದು, ಪ್ರತಿ ದಿಣ್ಣೆಯ ಮೇಲೂ ಒಬ್ಬರು ಇನ್ನೊಬ್ಬರಿಗೆ ಕಾಯುವುದಕ್ಕಿಂತ ಇದು ಎಷ್ಟೋ ಮೇಲು. ಯುರೋಪಿನ ನಿಯಮದಂತೆ ಮೋಟಾರು ಗಂಟೆಗೆ 25 ಕಿ.ಮೀ.ವರೆಗೆ ಮಾತ್ರ ನೆರವಾಗುತ್ತದೆ, ತುಳಿಯದೆ ಓಡುವುದಿಲ್ಲ. ಒಟ್ಟು 100 ಕೆ.ಜಿ. ಭಾರವನ್ನು 1,000 ಮೀಟರ್ ಎತ್ತಲು ಬೇಕಾಗುವುದು 272 ವ್ಯಾಟ್-ಅವರ್. ಅರ್ಧ ಕಾಲು ಕೊಟ್ಟರೆ, ಮೋಟಾರಿನ ನಷ್ಟವನ್ನೂ ಸೇರಿಸಿ 500 ವ್ಯಾಟ್-ಅವರ್ ಬ್ಯಾಟರಿ ನಾನು ಹೇಳಿದ ಯಾವ ದಿನಕ್ಕೂ ಧಾರಾಳ. ತೊಂದರೆ ಒಂದೇ, ಅದು 22ರಿಂದ 25 ಕೆ.ಜಿ. ತೂಗುತ್ತದೆ. ಹಳೆಯ ಊರುಗಳ ಹೋಟೆಲುಗಳಲ್ಲಿ ಲಿಫ್ಟ್ ಇರುವುದು ಅಪರೂಪ. ಕೋಣೆ ಕಾದಿರಿಸುವಾಗಲೇ ನೆಲಮಹಡಿಯಲ್ಲಿ ಬೀಗ ಹಾಕುವ ಜಾಗ, ಪಕ್ಕದಲ್ಲಿ ಪ್ಲಗ್ ಇದೆಯೇ ಎಂದು ಕೇಳಿ.

ಬಿಳಿ ರಸ್ತೆಗಳಿಗೆ ಬರೋಣ. ಸುಣ್ಣದಕಲ್ಲಿನ ಪುಡಿ, ಸಣ್ಣ ಜಲ್ಲಿ ಹಾಕಿ ತುಳಿದು ಗಟ್ಟಿಯಾದ ಹಳ್ಳಿರಸ್ತೆಗಳವು. 1997ರಲ್ಲಿ ಶುರುವಾದ ಲೆರೋಯಿಕಾ ಎಂಬ ಹಳೇ ಸೈಕಲ್ಲುಗಳ ಸವಾರಿಯೂ 2007ರಿಂದ ನಡೆಯುತ್ತಿರುವ ಸ್ತ್ರಾದೆ ಬ್ಯಾಂಕೆ ರೇಸೂ ಇವಕ್ಕೆ ಹೆಸರು ತಂದವು, ಡಾಂಬರು ಬೀಳದಂತೆಯೂ ಉಳಿಸಿದವು. ಗಾಯೋಲೆಯಿಂದ ಹೊರಟು ಅಲ್ಲಿಗೇ ಬರುವ ಲೆರೋಯಿಕಾದ 209 ಕಿ.ಮೀ. ಸುತ್ತಿಗೆ ವರ್ಷವಿಡೀ ಫಲಕಗಳಿವೆ, ಯಾರು ಬೇಕಾದರೂ ತುಂಡು ತುಂಡಾಗಿ ತುಳಿಯಬಹುದು. ರೋಡ್ ಬೈಕಿನ ತೆಳು ಟೈರಿನಲ್ಲಿ ರೇಸಿನವರು ಹೋಗುತ್ತಾರೆ, ಅವರ ಹಿಂದೆ ಬಿಡಿ ಚಕ್ರ ಹೊತ್ತ ಕಾರು ಬರುತ್ತದೆ. ನಿಮಗೆ 38ರಿಂದ 40 ಮಿ.ಮೀ. ಟೈರು ಬೇಕು. ಗಾಳಿ ಹಿಂದೆ 45, ಮುಂದೆ 38 ಪಿಎಸ್‌ಐ. ಇದಕ್ಕಿಂತ ಗಟ್ಟಿ ಹೊಡೆದರೆ ಟೈರು ಜಲ್ಲಿಯ ಮೇಲೆ ಪುಟಿದು ಹಿಡಿತ ತಪ್ಪುತ್ತದೆ. ತೀರಾ ಕಡಿಮೆ ಮಾಡಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ.

ಬೀಳುವವರು ಹೆಚ್ಚಾಗಿ ಇಳಿಜಾರಿನ ತಿರುವಿನಲ್ಲಿ ಬೀಳುತ್ತಾರೆ. ಕಾರುಗಳ ಚಕ್ರ ಓಡಿ ಎರಡು ನುಣುಪಾದ ಜಾಡು ಬಿದ್ದಿರುತ್ತದೆ, ನಡುವೆಯೂ ಅಂಚಿನಲ್ಲೂ ಸಡಿಲ ಜಲ್ಲಿ ರಾಶಿ. ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ ವೇಗ ಇಳಿಸಿ. ಜಾಡಿನೊಳಗೇ ಇರಿ. ತಿರುವಿನ ನಡುವೆ ಎರಡೂ ಬ್ರೇಕು ಬಿಡಿ. ಬ್ರೇಕು ಹಿಡಿಯುತ್ತಲೇ ಜಾಡು ಬದಲಿಸಲು ಹೋದರೆ ಮುಂಚಕ್ರ ಆ ಜಲ್ಲಿಯ ದಿಂಡಿನಲ್ಲಿ ಜಾರುತ್ತದೆ. ತಿರುವಿಗೆ ಮುಂಚಿನ ಇಳಿಜಾರಿನಲ್ಲಿ ಕಾರುಗಳು ಬ್ರೇಕು ಹಿಡಿದು ಹಿಡಿದು ನೆಲ ಏಣಿಯ ಮೆಟ್ಟಿಲಿನ ಹಾಗೆ ಏರಿಳಿತ ಬಿದ್ದಿರುತ್ತದೆ. ಅಲ್ಲಿ ಕೂರದೆ ಪೆಡಲುಗಳನ್ನು ಸಮಮಟ್ಟಕ್ಕೆ ತಂದು, ಸೀಟಿನಿಂದ ಒಂದಿಂಚು ಎದ್ದು, ಹ್ಯಾಂಡಲನ್ನು ಸಡಿಲವಾಗಿ ಹಿಡಿಯಿರಿ. ಬಿಸಿಲಿದ್ದರೆ ಬಿಳಿ ಧೂಳು ಚೈನಿನ ಎಣ್ಣೆಗೆ ಸೇರಿ ಅರೆಯುವ ಹಿಟ್ಟಾಗುತ್ತದೆ. ದಿನಾ ಸಂಜೆ ಹಳೇ ಬಟ್ಟೆಯಿಂದ ಚೈನು ಒರೆಸಿ, ಕೊಂಡಿಗೊಂದು ಹನಿಯಂತೆ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಿ.

ಮಳೆ ಬಂದರೆ ಜಲ್ಲಿ ಹಾಕಿದ ಬಿಳಿ ರಸ್ತೆ ಪರವಾಗಿಲ್ಲ, ಕ್ರೇತೆ ಸೆನೇಸಿಯ ಹೊಲದ ಜಾಡುಗಳು ಮಾತ್ರ ಬೇಡವೇ ಬೇಡ. ಅದು ಒಂದು ಕಾಲದಲ್ಲಿ ಸಮುದ್ರತಳವಾಗಿದ್ದ ಜೇಡಿ. ನೆನೆದಾಗ ಟೈರಿಗೆ ಪದರ ಪದರವಾಗಿ ಅಂಟಿ, ಮಡ್‌ಗಾರ್ಡಿನ ಸಂದಿ ತುಂಬಿ, ನೂರು ಮೀಟರ್‌ನಲ್ಲಿ ಚಕ್ರ ತಿರುಗುವುದೇ ನಿಲ್ಲುತ್ತದೆ. ತಳ್ಳಲೂ ಆಗದು, ಹೊರಬೇಕು. ಮೇ ತಿಂಗಳ ನಿಮ್ಮ ಎಂಟು ದಿನಗಳಲ್ಲಿ ಒಂದೆರಡು ದಿನ ಮಳೆ ಬರಬಹುದು. ನಾಲ್ಕನೇ ದಿನ ನೆಲ ಒದ್ದೆಯಿದ್ದರೆ ಅಶಾನೋವರೆಗೆ ಡಾಂಬರು ರಸ್ತೆಯಲ್ಲೇ ಹೋಗಿ. ಆ ರಸ್ತೆಯೇ ದಿಣ್ಣೆಯ ಬೆನ್ನ ಮೇಲಿದೆ, ನೋಟದಲ್ಲಿ ಏನೂ ಕಳೆದುಕೊಳ್ಳುವುದಿಲ್ಲ.

ಡಾಂಬರಿನ ಉದ್ದ ಇಳಿಜಾರಿನಲ್ಲಿ ಬ್ರೇಕನ್ನು ಸದಾ ಮೆಲ್ಲಗೆ ಒತ್ತಿಕೊಂಡೇ ಇರಬೇಡಿ, ಬಿಸಿ ಏರಿ ಹಿಡಿತ ಕಡಿಮೆಯಾಗುತ್ತದೆ. ಸ್ವಲ್ಪ ಓಡಲು ಬಿಟ್ಟು, ತಿರುವಿಗೆ ಮುಂಚೆ ಎರಡನ್ನೂ ಗಟ್ಟಿಯಾಗಿ ಹಿಡಿದು, ಮತ್ತೆ ಬಿಡಿ. ಏರಿನಲ್ಲಿ ಎಲ್ಲರೂ ಮಾಡುವ ತಪ್ಪು, ದಿಬ್ಬ ಶುರುವಾದ ಮೇಲೆ ಮುಂದಿನ ಗೇರು ಬದಲಿಸುವುದು. ಚೈನಿನ ಮೇಲೆ ಪೂರ್ತಿ ಬಿಗಿ ಇದ್ದಾಗ ದೊಡ್ಡದರಿಂದ ಚಿಕ್ಕದಕ್ಕೆ ಹಾಕಿದರೆ ಚೈನು ಒಳಗೆ ಕಳಚಿ ಬೀಳುತ್ತದೆ. ಶೇ 10ರ ಏರಿನಲ್ಲಿ ಕಾಲು ಖಾಲಿ ಸುತ್ತಿ, ಪೆಡಲಿನ ಕ್ಲಿಪ್‌ನಿಂದ ಪಾದ ಬಿಡಿಸಿಕೊಳ್ಳುವಷ್ಟರಲ್ಲಿ ಪಕ್ಕಕ್ಕೆ ಉರುಳಿರುತ್ತೀರಿ. ಇಪ್ಪತ್ತು ಮೀಟರ್ ಮುಂಚೆಯೇ ಮುಂದಿನದನ್ನು ಚಿಕ್ಕದಕ್ಕೆ ಹಾಕಿ, ಹಿಂದೆ ಎರಡು ಗೇರು ಭಾರಕ್ಕೆ ತಂದು, ಆಮೇಲೆ ಒಂದೊಂದಾಗಿ ಹಗುರ ಮಾಡುತ್ತಾ ಹತ್ತಿ. ಊರೊಳಗಿನ ಕಲ್ಲುಚಪ್ಪಡಿ ಒದ್ದೆಯಾಗಿದ್ದರೆ ಇಳಿದು ತಳ್ಳಿಕೊಂಡು ಹೋಗುವುದೇ ಸರಿ.

ರಸ್ತೆ ನಿಯಮಗಳಲ್ಲಿ ನಿಜವಾಗಿ ಅಪಾಯ ತರುವುದು ಬಲಬದಿಯ ಸಂಚಾರ. ದಟ್ಟಣೆಯಲ್ಲಿ ಯಾರೂ ಮರೆಯುವುದಿಲ್ಲ. ಬೆಳಗ್ಗೆ ಖಾಲಿ ರಸ್ತೆಗೆ ಇಳಿದಾಗ, ಬಾರಿನಿಂದ ಕಾಫಿ ಕುಡಿದು ಹೊರಟಾಗ, ಎಡಕ್ಕೆ ತಿರುಗಿದ ಮರುಕ್ಷಣ, ಈ ಮೂರು ಹೊತ್ತಿನಲ್ಲಿ ಕಾಲು ತಾನಾಗಿ ಎಡಬದಿಗೆ ಎಳೆಯುತ್ತದೆ. ವೃತ್ತಗಳಲ್ಲಿ ಮೊದಲು ಎಡಕ್ಕೆ ನೋಡಿ. ನೀಲಿ ಚೌಕದೊಳಗೆ ಬಿಳಿ ಕಾರಿನ ಚಿತ್ರ ಇರುವ ರಸ್ತೆಗೆ ಸೈಕಲ್ ಹೋಗುವಂತಿಲ್ಲ. ಫ್ಲಾರೆನ್ಸ್-ಸಿಯೆನಾ ನಡುವಿನ ವೇಗದ ರಸ್ತೆ ಅಂಥದ್ದು. ಊರ ಹೊರಗೆ ಸೂರ್ಯಾಸ್ತದ ಅರ್ಧ ಗಂಟೆಯ ನಂತರ, ಮತ್ತು ಸುರಂಗಗಳಲ್ಲಿ ಯಾವಾಗಲೂ, ಹೊಳೆಯುವ ಜಾಕೆಟ್ ಕಡ್ಡಾಯ. ಹೆಲ್ಮೆಟ್ ಕಡ್ಡಾಯವಲ್ಲ, ಆದರೂ ಹಾಕಿ.

ಊಟಕ್ಕೆ ಪರದಾಡಬೇಕಿಲ್ಲ, ಸಮಯಕ್ಕೆ ಮಾತ್ರ ಬಗ್ಗಬೇಕು. ಸಣ್ಣ ಊರುಗಳಲ್ಲಿ ಅಡುಗೆಮನೆ ಹನ್ನೆರಡೂವರೆಯಿಂದ ಎರಡೂವರೆಯವರೆಗೆ, ಮತ್ತೆ ಸಂಜೆ ಏಳೂವರೆಯ ನಂತರ. ದಿನಸಿ ಅಂಗಡಿಗಳೂ ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಮುಚ್ಚಿರುತ್ತವೆ. ಹನ್ನೆರಡರೊಳಗೆ ಬಾಳೆಹಣ್ಣು, ಬ್ರೆಡ್ಡು, ಬಾದಾಮಿ ಚೀಲದಲ್ಲಿರಲಿ. ಸಿಯೆನಾ ಕಡೆಯ ಪಿಚಿ ಎಂಬ ದಪ್ಪ ಶಾವಿಗೆಯನ್ನು ಸಾಮಾನ್ಯವಾಗಿ ಹಿಟ್ಟು-ನೀರಿನಲ್ಲೇ ಮಾಡುತ್ತಾರೆ. ಬೆಳ್ಳುಳ್ಳಿ-ಟೊಮೆಟೊ ಗೊಜ್ಜಿನ ‘ಪಿಚಿ ಅಲ್ಲಾಲ್ಯೋನೆ’ ನಿಮಗೆ ಹೇಳಿ ಮಾಡಿಸಿದ್ದು. ತಾಜಾ ತಲ್ಯತೆಲ್ಲೆ, ಪಪ್ಪರ್ದೆಲ್ಲೆಗಳಲ್ಲಿ ಮೊಟ್ಟೆ ಇರುತ್ತದೆ. ‘ಸೆಂಜಾ ಉವೋವಾ, ಸೆಂಜಾ ಕಾರ್ನೆ’ (ಮೊಟ್ಟೆ ಬೇಡ, ಮಾಂಸ ಬೇಡ) ಎಂದು ಪ್ರತಿ ಸಲವೂ ಹೇಳಿ. ರಿಬೊಲ್ಲೀತಾ ಎಂಬ ಬೀನ್ಸ್-ಸೊಪ್ಪಿನ ಗಟ್ಟಿ ಸಾರು ನೋಡಲು ಸಸ್ಯಾಹಾರವೇ, ಒಮ್ಮೊಮ್ಮೆ ಹಂದಿಯ ಕೊಬ್ಬು ಸೇರಿಸಿರುತ್ತಾರೆ, ಕೇಳಿಯೇ ತಿನ್ನಿ. ಪಿಯೆಂಜಾದ ಹೆಸರಾಂತ ಕುರಿಹಾಲಿನ ಚೀಸಿಗೆ ಸಾಮಾನ್ಯವಾಗಿ ಪ್ರಾಣಿಜನ್ಯ ಹೆಪ್ಪು ಬಳಸುತ್ತಾರೆ ಎಂಬುದೂ ಗೊತ್ತಿರಲಿ. ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ದಿನವಿಡೀ ಬೆವರಿದವರಿಗೆ ಇದು ಬರೀ ರುಚಿಯ ಮಾತಲ್ಲ. ಮನೆಯಿಂದ ಒಯ್ದ ಚಟ್ನಿಪುಡಿ ಇಲ್ಲಿ ಕೆಲಸಕ್ಕೆ ಬರುತ್ತದೆ. ನೀರು ಗಂಟೆಗೆ ಮುಕ್ಕಾಲು ಲೀಟರ್ ಎಂದು ಎರಡು ಬಾಟಲಿ ತುಂಬಿಕೊಂಡೇ ಹೊರಡಿ. ಊರ ನಲ್ಲಿಗಳಲ್ಲಿ ‘ನೋನ್ ಪೊತಾಬಿಲೆ’ ಎಂದು ಬರೆದಿದ್ದರೆ ಅದು ಕುಡಿಯುವ ನೀರಲ್ಲ.

ತಯಾರಿಗೆ ಚಾಮುಂಡಿ ಬೆಟ್ಟವೇ ಸಾಕು, ಹತ್ತುವ ರೀತಿ ಬದಲಾಗಬೇಕು. ಬೆಳಗಿನ ಹುರುಪಿನಲ್ಲಿ ಒಂದು ಸಲ ಹತ್ತಿ ಬರುವುದು ಬಿಟ್ಟು, ಮೊದಲು ಶ್ರೀರಂಗಪಟ್ಟಣದ ಕಡೆ 40 ಕಿ.ಮೀ. ಸುತ್ತಿ ಬಂದು, ಚೀಲದಲ್ಲಿ 8 ಕೆ.ಜಿ. ಅಕ್ಕಿ ಹಾಕಿಕೊಂಡು, ಎರಡು ಸಲ ಹತ್ತಿ. ಆರು ವಾರದಲ್ಲಿ ಅದನ್ನು ಮೂರು ಸಲಕ್ಕೆ ಏರಿಸಿ, ಅಲ್ಲಿಗೆ ದಿನದ 800 ಮೀಟರ್ ಆಯಿತು. ಏಪ್ರಿಲ್‌ನಲ್ಲಿ ಒಮ್ಮೆ ಕುಶಾಲನಗರದಲ್ಲಿ ತಂಗಿ, ಮರುದಿನ ಮಡಿಕೇರಿಗೆ ಏರಿ, ಅಲ್ಲಿ ಉಳಿದು, ಮೂರನೇ ದಿನವೂ ತುಳಿಯಿರಿ. ಮೂರನೇ ದಿನ ಬೆಳಗ್ಗೆ ಯಜಮಾನರ ಮಂಡಿ ಏನು ಹೇಳುತ್ತದೆ ಎಂಬುದರ ಮೇಲೆ ಎಲೆಕ್ಟ್ರಿಕ್ ಸೈಕಲ್ ವಿಷಯ ತೀರ್ಮಾನಿಸಿ. ಬಾಡಿಗೆಯವರಿಗೆ ಅಷ್ಟರೊಳಗೆ ತಿಳಿಸಿದರೆ ನಡೆಯುತ್ತದೋ ಇಲ್ಲವೋ ಎಂದು ಈಗಲೇ ವಿಚಾರಿಸಿಟ್ಟುಕೊಳ್ಳಿ.

ಕೊನೆಯ ದಿನದ ರೈಲಿಗೆ ಪ್ರಾದೇಶಿಕ ಗಾಡಿಯನ್ನೇ ಆರಿಸಿ, ವೇಳಾಪಟ್ಟಿಯಲ್ಲಿ ಸೈಕಲ್ ಚಿಹ್ನೆ ಇರಬೇಕು. ಸೈಕಲ್ಲಿಗೆ ಬೇರೆ ಟಿಕೆಟ್, ದರ ಎಷ್ಟೆಂದು ಕೊಳ್ಳುವಾಗ ನೋಡಿಕೊಳ್ಳಿ. ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರಂನ ಯಂತ್ರದಲ್ಲಿ ಮುದ್ರೆ ಒತ್ತಬೇಕು, ಫೋನಿನ ಟಿಕೆಟಾದರೆ ಚೆಕ್-ಇನ್ ಮಾಡಬೇಕು, ಇಲ್ಲದಿದ್ದರೆ ದಂಡ. ಸೈಕಲ್ ಇಡುವ ಬೋಗಿ ಸಾಮಾನ್ಯವಾಗಿ ಗಾಡಿಯ ಮುಂತುದಿಯಲ್ಲೋ ಹಿಂತುದಿಯಲ್ಲೋ ಇರುತ್ತದೆ. ನಿಲ್ದಾಣಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಚೀಲಗಳನ್ನೆಲ್ಲ ಬಿಚ್ಚಿಡಿ. ಗಾಡಿ ಬಂದಾಗ ಒಬ್ಬರು ಮೊದಲು ಹತ್ತಿ ಸೈಕಲ್‌ಗಳನ್ನು ಒಳಗೆ ಎಳೆದುಕೊಳ್ಳಲಿ, ಇನ್ನೊಬ್ಬರು ಕೆಳಗಿನಿಂದ ಚೀಲಗಳನ್ನು ಕೊಡಲಿ.